ಬಂದವರಿಗೂ ಇದ್ದವರಿಗೂ ಒಂದೇ ಅಳತೆಗೋಲೇ? ಕಾಸರಗೋಡಿನ ಭಾಷಾ ವಿವಾದದ ಹಿಂದಿರುವ ಪ್ರಶ್ನೆಗಳು

2025ರ ಅಕ್ಟೋಬರ್‌ನಲ್ಲಿ ಕೇರಳ ವಿಧಾನಸಭೆ ಮಲಯಾಳಂ ಭಾಷಾ ಮಸೂದೆಯನ್ನು ಅಂಗೀಕರಿಸಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಹಿಂತೆಗೆದುಕೊಳ್ಳುವಂತೆ ಪಿಣರಾಯಿ ವಿಜಯನ್ ಅವರಿಗೆ ಪತ್ರ ಬರೆದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಮೇಲೆ ಮಲಯಾಳಂ ಹೇರಿಕೆಯಾಗುತ್ತದೆ ಎಂಬುದು ಕರ್ನಾಟಕದ ಆಕ್ಷೇಪ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಮಸೂದೆಯಲ್ಲೇ ರಕ್ಷಣೆಯಿದೆ ಎಂಬುದು ಕೇರಳದ ಉತ್ತರ. ಒಂದೇ ಪಠ್ಯವನ್ನು ಇಬ್ಬರು ಮುಖ್ಯಮಂತ್ರಿಗಳು ಎರಡು ರೀತಿ ಓದಿದ್ದರಿಂದ ಓದುಗರಲ್ಲಿ ಗೊಂದಲ ಮೂಡಿದ್ದು ಸಹಜ.

ಗೊಂದಲ ಅಷ್ಟಕ್ಕೇ ನಿಲ್ಲಲಿಲ್ಲ. ಚರ್ಚೆ ನಡೆದಲ್ಲೆಲ್ಲ ಇನ್ನೊಂದು ಪ್ರಶ್ನೆಯೂ ತಪ್ಪದೆ ಎದುರಾಯಿತು. ಬೆಂಗಳೂರಿಗೆ ಬಂದವರು ಕನ್ನಡ ಕಲಿಯಬೇಕು ಎನ್ನುವವರು ಕಾಸರಗೋಡಿನ ಕನ್ನಡಿಗರು ಮಲಯಾಳಂ ಕಲಿಯಬೇಕಿಲ್ಲ ಎನ್ನುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸಿಟ್ಟಿನಿಂದಲ್ಲ, ವಿವರವಾಗಿ ಉತ್ತರ ಕೊಡಬೇಕು. ಹಾಗೆ ಉತ್ತರಿಸಬೇಕಾದರೆ ವಲಸೆ ಬಂದವರು ಯಾರು, ವಲಸೆಯೇ ಹೋಗದೆ ಅಲ್ಪಸಂಖ್ಯಾತರಾದವರು ಯಾರು, ಇವರಿಬ್ಬರ ಸಾಂಸ್ಕೃತಿಕ ಗುರುತು ರಾಜಕೀಯ ನಿಲುವಾಗಿ ಬದಲಾಗುವುದು ಯಾವಾಗ ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ.

ಮಸೂದೆಯಲ್ಲಿ ಇರುವುದೇನು

ಮಸೂದೆಯ ತಿರುಳು ಕಷ್ಟದ್ದಲ್ಲ. ಕೇರಳದ ಆಡಳಿತ ಭಾಷೆ ಮಲಯಾಳಂ ಆಗಬೇಕು, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ಅದು ಕಡ್ಡಾಯ ಪ್ರಥಮ ಭಾಷೆಯಾಗಬೇಕು. ಇದರ ಜೊತೆಗೆ ಏಳನೇ ಕಲಮು ಭಾಷಾ ಅಲ್ಪಸಂಖ್ಯಾತರ ವಿಷಯ ಹೇಳುತ್ತದೆ. ಕನ್ನಡಿಗರು ಮತ್ತು ತಮಿಳರು ಸರ್ಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದು. ಮಲಯಾಳಂ ಮಾತೃಭಾಷೆಯಲ್ಲದ ಮಕ್ಕಳು ರಾಷ್ಟ್ರೀಯ ಪಠ್ಯಕ್ರಮಕ್ಕೆ ಅನುಗುಣವಾಗಿ, ಶಾಲೆಯಲ್ಲಿ ಲಭ್ಯವಿರುವ ಭಾಷೆಗಳಲ್ಲಿ ತಮಗೆ ಬೇಕಾದದ್ದನ್ನು ಕಲಿಯಬಹುದು. ಬೇರೆ ರಾಜ್ಯ, ಬೇರೆ ದೇಶಗಳಿಂದ ಬಂದ ಮಕ್ಕಳು 9, 10 ಮತ್ತು ಹೈಯರ್ ಸೆಕೆಂಡರಿ ಹಂತದಲ್ಲಿ ಮಲಯಾಳಂ ಪರೀಕ್ಷೆ ಬರೆಯಲೇಬೇಕೆಂಬ ಒತ್ತಾಯವಿಲ್ಲ.

ಆತಂಕ ಹುಟ್ಟುವುದು ‘ಲಭ್ಯವಿರುವ’ ಎಂಬಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಈಗ ಕನ್ನಡ, ಇಂಗ್ಲಿಷ್, ಹಿಂದಿ ಕಲಿಯುತ್ತದೆ. ಪ್ರಥಮ ಭಾಷೆಯ ಜಾಗಕ್ಕೆ ಮಲಯಾಳಂ ಬಂದರೆ ಒಂದೋ ಕನ್ನಡ ಕೆಳಗಿಳಿಯಬೇಕು, ಇಲ್ಲವೇ ಮಗುವಿನ ಬೆನ್ನಿಗೆ ನಾಲ್ಕನೇ ಭಾಷೆ ಬೀಳಬೇಕು. ಏಳನೇ ಕಲಮು ಹಾಗಾಗದಂತೆ ತಡೆಯುತ್ತದೆ ಎಂದು ಕೇರಳ ಹೇಳುತ್ತದೆ. ಆದರೆ ಕನ್ನಡದ ಆಯ್ಕೆ ಉಳಿಯಬೇಕಾದರೆ ಶಾಲೆಯಲ್ಲಿ ಕನ್ನಡ ಬಲ್ಲ ಶಿಕ್ಷಕರಿರಬೇಕು, ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಬರಬೇಕು, ಹುದ್ದೆ ಮಂಜೂರಾಗಿರಬೇಕು. ಇವು ಇಲ್ಲದ ಕಡೆ ಕಾನೂನು ಕೊಟ್ಟ ಆಯ್ಕೆ ಕಾಗದದಲ್ಲೇ ಉಳಿಯುತ್ತದೆ.

ಇದು ಮೊದಲ ಸುತ್ತಿನ ವಿವಾದವೇನೂ ಅಲ್ಲ. 2015ರಲ್ಲಿ ಕೇರಳ ವಿಧಾನಸಭೆ ಅಂಗೀಕರಿಸಿದ ಇಂಥದೇ ಮಸೂದೆ ರಾಷ್ಟ್ರಪತಿಗಳ ಅಂಕಿತ ಸಿಗದೆ ಬಿದ್ದುಹೋಯಿತು. 2017ರಲ್ಲಿ ಮಲಯಾಳಂ ಕಲಿಕಾ ಕಾನೂನು ಬಂದಾಗ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆಗಳಾದವು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮ ಶಾಲೆಗಳಿಗೆ ಹಾಕಿದ್ದನ್ನು ವಿರೋಧಿಸಿ ಪೋಷಕರು, ಮಕ್ಕಳು ಬೀದಿಗಿಳಿದದ್ದೂ ಒಂದೆರಡು ಸಲವಲ್ಲ. ಹೀಗಾಗಿ ಇಲ್ಲಿನವರು ಹೊಸ ಮಸೂದೆಯನ್ನು ಅದರ ಅಕ್ಷರಗಳಲ್ಲಷ್ಟೇ ಓದುವುದಿಲ್ಲ, ಹಿಂದಿನ ಅನುಭವವನ್ನೂ ಜೊತೆಗಿಟ್ಟುಕೊಂಡು ಓದುತ್ತಾರೆ. ಕೇರಳ ಸರ್ಕಾರಕ್ಕೆ ಅನಗತ್ಯ ಎನ್ನಿಸುವ ಅನುಮಾನ ಗಡಿನಾಡಿನವರಿಗೆ ಸಹಜ ಎನ್ನಿಸುವುದು ಇದರಿಂದಾಗಿಯೇ.

ಯಾರು ಬಂದವರು, ಯಾರು ಇದ್ದವರು

1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲ್ಲೂಕು. ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಕೇರಳಕ್ಕೆ ಹೋಯಿತು. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಜನ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಅದೇ ಮನೆ, ಅದೇ ತೋಟದಲ್ಲಿದ್ದುಕೊಂಡೇ ಅವರು ಬೇರೊಂದು ರಾಜ್ಯದ ಭಾಷಾ ಅಲ್ಪಸಂಖ್ಯಾತರಾದರು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಆ ಶಿಫಾರಸು ಜಾರಿಯಾಗಲಿಲ್ಲ. ಕಯ್ಯಾರ ಕಿಞ್ಞಣ್ಣ ರೈ ಅವರಂಥ ಹಿರಿಯರು ಬದುಕಿನುದ್ದಕ್ಕೂ ವಿಲೀನದ ಬೇಡಿಕೆ ಹೊತ್ತು ನಡೆದರು. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು.

ಇದೇ ಜಿಲ್ಲೆಯ ಪೂರ್ವದ ಗುಡ್ಡಗಾಡಿನಲ್ಲಿ ಇನ್ನೊಂದು ಕಥೆಯಿದೆ, ಕನ್ನಡದ ಚರ್ಚೆಗಳಲ್ಲಿ ಅದು ಅಷ್ಟಾಗಿ ಬರುವುದಿಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ತಿರುವಾಂಕೂರು ಸಂಸ್ಥಾನದಿಂದ ರೈತರು ಭೂಮಿ ಹುಡುಕಿಕೊಂಡು ಮಲಬಾರಿನ ಮತ್ತು ಅದರ ಉತ್ತರದ ಬೆಟ್ಟಗಳಿಗೆ ಬಂದರು. ರಾಜಪುರಂನಲ್ಲಿ 1943ರಲ್ಲಿ ಕೋಟ್ಟಯಂ ಕಡೆಯ ಕ್ನಾನಾಯ ಕ್ರೈಸ್ತ ಕುಟುಂಬಗಳು ನೆಲೆಯೂರಿದವು. ಅವರು ಒಂದು ಸಂಸ್ಥಾನದಿಂದ ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ, ಅದೂ ದಕ್ಷಿಣ ಕನ್ನಡ ಜಿಲ್ಲೆಗೆ ಬಂದವರು. ಎಲ್ಲ ಅರ್ಥದಲ್ಲೂ ವಲಸಿಗರು. ಹದಿಮೂರು ವರ್ಷಗಳ ನಂತರ ಗಡಿ ಸರಿದಾಗ ಅವರು ತಮ್ಮ ಭಾಷೆಯ ರಾಜ್ಯದಲ್ಲಿ ಬಹುಸಂಖ್ಯಾತರಾದರು, ಅದೇ ಹಳೆಯ ತಾಲ್ಲೂಕಿನ ಕನ್ನಡಿಗರು ಅಲ್ಪಸಂಖ್ಯಾತರಾದರು. ಇದರಲ್ಲಿ ಆ ರೈತರ ತಪ್ಪೇನೂ ಇಲ್ಲ. ಕಾಡು, ಮಲೇರಿಯಾ, ಸಾಲ ಎಲ್ಲವನ್ನೂ ಎದುರಿಸಿ ಬದುಕು ಕಟ್ಟಿಕೊಂಡವರು ಅವರು. ಆದರೆ ಯಾರು ವಲಸಿಗ, ಯಾರು ಮೂಲನಿವಾಸಿ ಎಂಬುದನ್ನು ಜನರ ಚಲನೆ ಮಾತ್ರವಲ್ಲ, ಆಡಳಿತದ ನಕ್ಷೆಯೂ ತೀರ್ಮಾನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಸಂವಿಧಾನ ಈ ವ್ಯತ್ಯಾಸವನ್ನು ಗುರುತಿಸಿದೆ. ರಾಜ್ಯಗಳ ಗಡಿ ಬದಲಾದ ಅದೇ 1956ರಲ್ಲಿ ಏಳನೇ ತಿದ್ದುಪಡಿಯ ಮೂಲಕ 350ಎ ಮತ್ತು 350ಬಿ ವಿಧಿಗಳು ಸೇರಿದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವುದು ರಾಜ್ಯದ ಪ್ರಯತ್ನವಾಗಬೇಕು ಎನ್ನುತ್ತದೆ ಮೊದಲನೆಯದು. ಅವರ ಹಿತ ನೋಡಿಕೊಳ್ಳಲು ವಿಶೇಷಾಧಿಕಾರಿ ಇರಬೇಕು ಎನ್ನುತ್ತದೆ ಎರಡನೆಯದು. ಗಡಿ ಎಳೆದವರಿಗೆ ಅದರ ಆಚೀಚೆ ಉಳಿದುಹೋಗುವವರ ನೆನಪಿತ್ತು. ಕೇರಳದ 1969ರ ಆಡಳಿತ ಭಾಷಾ ಕಾನೂನೂ ಕನ್ನಡ, ತಮಿಳು ಅಲ್ಪಸಂಖ್ಯಾತರ ಹಕ್ಕನ್ನು ಒಪ್ಪಿಕೊಂಡಿದೆ. ಅಂದರೆ ಕಾಸರಗೋಡಿನ ಕನ್ನಡಿಗರು ಕೇಳುತ್ತಿರುವುದು ಹೊಸ ರಿಯಾಯಿತಿಯಲ್ಲ, ಗಡಿ ಎಳೆದಾಗಲೇ ಕೊಟ್ಟ ಮಾತು.

ಮತಪೆಟ್ಟಿಗೆ ಹೇಳುವುದು ಬೇರೆ

ಕನ್ನಡಿಗ ಎಂಬ ಗುರುತು ಇದ್ದ ಮಾತ್ರಕ್ಕೆ ಒಂದೇ ರಾಜಕೀಯ ನಿಲುವು ಇರುತ್ತದೆಯೇ? ಮಂಜೇಶ್ವರ ಕ್ಷೇತ್ರದ ಚುನಾವಣಾ ಇತಿಹಾಸ ಇಲ್ಲ ಎನ್ನುತ್ತದೆ. ಆ ಉತ್ತರ ರೂಪುಗೊಂಡದ್ದು ಒಂದೇ ದಿನದಲ್ಲಲ್ಲ.

ಕೇರಳದ ಮೊದಲ ಚುನಾವಣೆಯಲ್ಲಿ, 1957ರಲ್ಲಿ, ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ನಂತರ 1960, 1965 ಮತ್ತು 1967ರಲ್ಲಿ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕರ್ನಾಟಕ ಸಮಿತಿಯ ಮುಂದಾಳು ಕೆ. ಮಹಾಬಲ ಭಂಡಾರಿ ಗೆದ್ದರು. ಗಡಿ ಬದಲಾದ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ವಿಲೀನವೇ ಮೊದಲ ಪ್ರಶ್ನೆಯಾಗಿತ್ತು, ಭಾಷೆಯೇ ಮತವನ್ನು ನಿರ್ಧರಿಸುತ್ತಿತ್ತು. ಆದರೆ 1970ರಲ್ಲಿ ಇದೇ ಕ್ಷೇತ್ರದಲ್ಲಿ ಸಿಪಿಐ ಗೆದ್ದಿತು. ಎಂಬತ್ತರ ದಶಕದ ನಡುವಿನವರೆಗೂ ಅದರ ಹಿಡಿತ ಉಳಿಯಿತು.

ನಡುವೆ ಆದದ್ದೇನು? ಮುಖ್ಯ ಕಾರಣಗಳಲ್ಲೊಂದು ಭೂಸುಧಾರಣೆ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಗಿ ಉಳುವವರಿಗೆ ಭೂಮಿಯ ಹಕ್ಕು ಸಿಗತೊಡಗಿತು. ಮನೆಯಲ್ಲಿ ತುಳು ಮಾತನಾಡಿ, ಶಾಲೆಯಲ್ಲಿ ಕನ್ನಡ ಓದಿ, ಇನ್ನೊಬ್ಬರ ಗದ್ದೆಯಲ್ಲಿ ದುಡಿಯುತ್ತಿದ್ದ ಗೇಣಿದಾರನಿಗೆ ತನ್ನ ರಾಜ್ಯ ಯಾವುದು ಎಂಬುದಕ್ಕಿಂತ ತನ್ನ ಗದ್ದೆ ಯಾರದು ಎಂಬುದು ದೊಡ್ಡ ಪ್ರಶ್ನೆಯಾಯಿತು. ಅವನ ಭಾಷೆ ಬದಲಾಗಲಿಲ್ಲ, ಯಕ್ಷಗಾನ, ಭೂತಕೋಲ ಬಿಡಲಿಲ್ಲ. ಮತ ಮಾತ್ರ ಬದಲಾಯಿತು.

ಎಂಬತ್ತರ ದಶಕದ ಕೊನೆಯಿಂದ ಇನ್ನೊಂದು ತಿರುವು. 1987ರಿಂದ 2006ರವರೆಗೆ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಮಂಜೇಶ್ವರವನ್ನು ಪ್ರತಿನಿಧಿಸಿದರು, ಬಿಜೆಪಿ ಪ್ರಬಲ ಎದುರಾಳಿಯಾಗಿ ಬೆಳೆಯಿತು. ಸ್ಪರ್ಧೆಯ ಗೆರೆ ಭಾಷೆಯಿಂದ ಧರ್ಮದ ಕಡೆಗೆ ಸರಿಯಿತು. 2016ರಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು ಕೇವಲ 89 ಮತಗಳಿಂದ. 2021ರಲ್ಲಿ ಎ.ಕೆ.ಎಂ. ಅಶ್ರಫ್ ಅದೇ ಸುರೇಂದ್ರನ್ ವಿರುದ್ಧ 745 ಮತಗಳಿಂದ ಗೆದ್ದರು. ಗೆದ್ದ ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲಿ. ಮುಸ್ಲಿಂ ಲೀಗಿನ ಶಾಸಕ ಕನ್ನಡದಲ್ಲಿ ಪ್ರಮಾಣ ಮಾಡುತ್ತಾರೆ, ಗಡಿನಾಡಿನ ಹಿಂದೂ ಕನ್ನಡಿಗರ ದೊಡ್ಡ ಪಾಲು ಮತ ಬೀಳುವುದು ಮಲಯಾಳಿ ನಾಯಕರೊಬ್ಬರಿಗೆ. ಭಾಷೆಯ ಗುರುತು ಮತ್ತು ಮತದ ನಿಲುವು ಎರಡೂ ಒಬ್ಬನೇ ಮನುಷ್ಯನಲ್ಲಿರುತ್ತವೆ, ಒಂದು ಇನ್ನೊಂದನ್ನು ತಾನಾಗಿ ಹುಟ್ಟಿಸುವುದಿಲ್ಲ.

2016ರ ಫಲಿತಾಂಶಕ್ಕೆ ವಲಸೆಯ ಇನ್ನೊಂದು ಮುಖವೂ ಇದೆ. ವಿದೇಶದಲ್ಲಿದ್ದವರ, ತೀರಿಕೊಂಡವರ ಹೆಸರಿನಲ್ಲಿ ಮತ ಬಿದ್ದಿದೆ ಎಂಬ ಆರೋಪದೊಂದಿಗೆ ಆ ಚುನಾವಣೆ ಹೈಕೋರ್ಟಿನ ಮೆಟ್ಟಿಲೇರಿತ್ತು, ಶಾಸಕರ ನಿಧನದ ನಂತರ ಅರ್ಜಿಯನ್ನು ಹಿಂತೆಗೆದುಕೊಳ್ಳಲಾಯಿತು. ಗಲ್ಫ್‌ನಲ್ಲಿ ದುಡಿಯುವವರು ಇಷ್ಟೊಂದು ಇರುವ ಜಿಲ್ಲೆಯಲ್ಲಿ, ಮತ ಹಾಕಲು ಊರಿಗೇ ಬರಬೇಕೆಂಬ ನಿಯಮವಿರುವಾಗ, ಯಾರು ಊರಿನವರು ಎಂಬ ಪ್ರಶ್ನೆ ಫಲಿತಾಂಶವನ್ನೇ ತಿರುಗಿಸಬಲ್ಲದು.

ಕರ್ನಾಟಕದ ಉತ್ತರ ಗಡಿಯಲ್ಲೂ ಇದೇ ಪಾಠ. ಮಹಾರಾಷ್ಟ್ರದ ಜತ್ ತಾಲ್ಲೂಕಿನ ಗ್ರಾಮಗಳು ಕರ್ನಾಟಕಕ್ಕೆ ಸೇರಲು ಬಯಸಿವೆ ಎಂದು 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದಾಗ ದೊಡ್ಡ ಸುದ್ದಿಯಾಯಿತು. ಆ ಹಳ್ಳಿಗಳ ದೂರಿನ ಕೇಂದ್ರದಲ್ಲಿದ್ದದ್ದು ನೀರು. ಸುದ್ದಿ ಬಿಸಿಯಾದ ಕೂಡಲೇ ಮಹಾರಾಷ್ಟ್ರ ಸರ್ಕಾರ ಮ್ಹೈಸಾಳ ನೀರಾವರಿ ಯೋಜನೆಯ ವಿಸ್ತರಣೆಗೆ ಮುಂದಾಯಿತು. ಕನ್ನಡದ ನಂಟು ಅಲ್ಲಿ ಸುಳ್ಳಲ್ಲ. ಆದರೆ ನಂಟು ಬೇಡಿಕೆಯಾಗಿ ಎದ್ದು ನಿಂತದ್ದು ಕಾಲುವೆ ಬತ್ತಿದಾಗ.

ಮನೆಮಾತು, ಶಾಲೆಯ ಮಾತು, ಗಣತಿಯ ಮಾತು

ಕಾಸರಗೋಡಿನಲ್ಲಿ ಕನ್ನಡಿಗರು ಎಷ್ಟು ಎಂದು ಕೇಳಿದರೆ ಎರಡು ಬೇರೆ ಬೇರೆ ಉತ್ತರ ಸಿಗುತ್ತವೆ. ವಿವಾದದ ಅರ್ಧ ಪಾಲು ಇಲ್ಲೇ ಇದೆ.

2011ರ ಜನಗಣತಿ ಪ್ರಕಾರ ಜಿಲ್ಲೆಯ ಸುಮಾರು 13 ಲಕ್ಷ ಜನರಲ್ಲಿ ಕನ್ನಡ ಮಾತೃಭಾಷೆ ಎಂದವರು ಶೇ. 4ರ ಆಸುಪಾಸು, ತುಳು ಎಂದವರು ಶೇ. 9ರ ಹತ್ತಿರ. ಕೊಂಕಣಿ, ಮರಾಠಿ ಎಂದವರು ಬೇರೆ. ಈ ಅಂಕಿಯನ್ನು ಮುಂದಿಟ್ಟು, ಇಷ್ಟು ಚಿಕ್ಕ ಗುಂಪಿಗಾಗಿ ಇಷ್ಟೆಲ್ಲ ವ್ಯವಸ್ಥೆ ಯಾಕೆ ಎಂದು ಕೇಳುವುದು ಸುಲಭ. ಆದರೆ ಗಡಿನಾಡಿನಲ್ಲಿ ಕನ್ನಡ ಬರೀ ಮನೆಮಾತಿನವರ ಭಾಷೆಯಲ್ಲ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಮಾತನಾಡುವ ಎಷ್ಟೋ ಕುಟುಂಬಗಳಿಗೆ ಅದು ಶಾಲೆಯ, ಪತ್ರಿಕೆಯ, ಯಕ್ಷಗಾನದ, ಮದುವೆ ಕಾಗದದ ಭಾಷೆ. ಮೊದಲ ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈ ಅವರ ಮನೆಮಾತು ಕೊಂಕಣಿ. ಅವರನ್ನು ಕನ್ನಡದ ಲೆಕ್ಕದಿಂದ ಹೊರಗಿಡುವುದು ಹೇಗೆ?

ಗಣತಿಯ ನಮೂನೆ ಒಬ್ಬರಿಂದ ಒಂದೇ ಮಾತೃಭಾಷೆ ಕೇಳುತ್ತದೆ. ಅಲ್ಲಿ ತುಳು ಎಂದು ಬರೆಸುವುದು ಸತ್ಯವನ್ನೇ ಹೇಳಿದಂತೆ, ತುಳುವಿಗೆ ಸಂವಿಧಾನದ ಎಂಟನೇ ಪರಿಚ್ಛೇದದ ಸ್ಥಾನ ಬೇಕೆನ್ನುವವರಿಗೆ ಅದು ಅಗತ್ಯವೂ ಹೌದು. ಆದರೆ ಹಾಗೆ ಬರೆಸಿದ ಪ್ರತಿ ಹೆಸರೂ ಕನ್ನಡ ಶಾಲೆಯ ಬೇಡಿಕೆಯ ಲೆಕ್ಕದಿಂದ ಕಳಚಿಕೊಳ್ಳುತ್ತದೆ. ಈ ಇಕ್ಕಟ್ಟು ಗಡಿನಾಡಿನ ಜನ ತಂದುಕೊಂಡದ್ದಲ್ಲ. ಹಲವು ಭಾಷೆಗಳಲ್ಲಿ ಬದುಕುವ ಸಮಾಜವನ್ನು ಒಂದೇ ಕಾಲಂನಲ್ಲಿ ಅಳೆಯುವ ಪದ್ಧತಿ ತಂದದ್ದು. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಆಗ ಬರುವ ಅಂಕಿ ಮುಂದಿನ ದಶಕವಿಡೀ ಶಾಲೆ, ಹುದ್ದೆ, ಅನುವಾದಕರ ನೇಮಕದ ವಾದಗಳಿಗೆ ಆಧಾರವಾಗಲಿದೆ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರ ಮಕ್ಕಳು ಎಷ್ಟು ಜನ ಕನ್ನಡ ಮಾಧ್ಯಮದಲ್ಲಿದ್ದಾರೆ ಎಂಬ ಶಾಲಾ ಲೆಕ್ಕವನ್ನೂ ಅದರ ಪಕ್ಕದಲ್ಲಿಟ್ಟು ಓದದಿದ್ದರೆ ಚಿತ್ರ ತಪ್ಪಾಗುತ್ತದೆ.

ಒತ್ತಾಯದಿಂದ ಆಗುವುದೇನು

ಮಲಯಾಳಂ ಕಲಿತರೆ ಮಕ್ಕಳಿಗೇ ಒಳ್ಳೆಯದಲ್ಲವೇ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಕೇರಳದಲ್ಲಿ ಕೆಲಸ, ಪಿಎಸ್‌ಸಿ ಪರೀಕ್ಷೆ, ಆಸ್ಪತ್ರೆ, ಪಂಚಾಯಿತಿ ಎಲ್ಲಕ್ಕೂ ಮಲಯಾಳಂ ಬೇಕು. ಗಡಿನಾಡಿನ ಹೆಚ್ಚಿನ ಕನ್ನಡಿಗರು ಅದನ್ನು ಅಂಗಡಿ, ಬಸ್ಸು, ನೆರೆಹೊರೆಯಲ್ಲಿ ತಾವಾಗಿಯೇ ಕಲಿತಿದ್ದಾರೆ. ಆದ್ದರಿಂದ ಚರ್ಚೆಯಾಗಬೇಕಿರುವುದು ಮಲಯಾಳಂ ಬೇಕೋ ಬೇಡವೋ ಎಂಬುದಲ್ಲ, ಅದು ಕನ್ನಡದ ಜೊತೆಗೆ ಬರುತ್ತದೋ ಕನ್ನಡದ ಬದಲಿಗೆ ಬರುತ್ತದೋ ಎಂಬುದು.

ಈ ವ್ಯತ್ಯಾಸ ಚಿಕ್ಕದಲ್ಲ ಎಂದು ವಲಸಿಗರ ಬಗ್ಗೆ ನಡೆದ ಅಧ್ಯಯನಗಳು ತೋರಿಸಿವೆ. ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರಿ ವಲಸಿಗರು ಹೊಸ ಸಮಾಜದೊಂದಿಗೆ ಹೊಂದಿಕೊಳ್ಳುವ ಬಗೆಯನ್ನು ನಾಲ್ಕಾಗಿ ವಿಂಗಡಿಸಿದರು. ಕೆಲವರು ತಮ್ಮದನ್ನು ಉಳಿಸಿಕೊಂಡೇ ಹೊಸದನ್ನೂ ಸೇರುತ್ತಾರೆ, ಕೆಲವರು ತಮ್ಮದನ್ನು ಬಿಟ್ಟು ಹೊಸದರಲ್ಲಿ ಕರಗುತ್ತಾರೆ. ಕೆಲವರು ತಮ್ಮದರೊಳಗೇ ಮುಚ್ಚಿಕೊಳ್ಳುತ್ತಾರೆ, ಇನ್ನು ಕೆಲವರು ಎರಡರಿಂದಲೂ ದೂರವಾಗುತ್ತಾರೆ. ಎರಡನ್ನೂ ಹಿಡಿದುಕೊಂಡವರು ಸಾಮಾನ್ಯವಾಗಿ ನೆಮ್ಮದಿಯಿಂದ ನೆಲೆಗೊಳ್ಳುತ್ತಾರೆ ಎಂಬುದು ಅವರ ವಾದ. ಆದರೆ ಯಾವ ದಾರಿ ಹಿಡಿಯಬೇಕು ಎಂಬುದು ವಲಸಿಗನೊಬ್ಬನ ಕೈಯಲ್ಲಿಲ್ಲ, ಆತಿಥೇಯ ಸಮಾಜ ಯಾವ ಬಾಗಿಲು ತೆರೆಯುತ್ತದೆ ಎಂಬುದರ ಮೇಲೂ ಅದು ನಿಂತಿದೆ.

ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗವಿದೆ. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಅಲ್ಲಿ ಜರ್ಮನ್ ಮೂಲದವರ ಮೇಲೆ ಅನುಮಾನ ಹೆಚ್ಚಿತ್ತು. ಒಹಾಯೊ, ಇಂಡಿಯಾನಾ ಮುಂತಾದ ರಾಜ್ಯಗಳು ಪ್ರಾಥಮಿಕ ಶಾಲೆಗಳಲ್ಲಿ ಜರ್ಮನ್ ಕಲಿಸುವುದನ್ನೇ ನಿಷೇಧಿಸಿದವು. ಎಲ್ಲರನ್ನೂ ಬೇಗ ಅಮೆರಿಕನ್ನರನ್ನಾಗಿ ಮಾಡುವುದು ಉದ್ದೇಶ. ಆ ನಿಷೇಧದಡಿ ಓದಿದ ಮಕ್ಕಳು ಮುಂದೆ ಏನಾದರು ಎಂಬುದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಾಸಿಲಿಕಿ ಫೌಕಾ ದಾಖಲೆಗಳ ಮೂಲಕ ಹಿಂಬಾಲಿಸಿದರು. ನಿಷೇಧಕ್ಕೆ ಒಳಗಾದ ಜರ್ಮನ್ ಮೂಲದವರು ತಮ್ಮ ಸಮುದಾಯದೊಳಗೇ ಮದುವೆಯಾಗುವುದು ಹೆಚ್ಚಿತ್ತು, ಮಕ್ಕಳಿಗೆ ಅಪ್ಪಟ ಜರ್ಮನ್ ಹೆಸರಿಡುವುದು ಹೆಚ್ಚಿತ್ತು, ಎರಡನೇ ಮಹಾಯುದ್ಧದಲ್ಲಿ ಸ್ವಯಂಪ್ರೇರಿತರಾಗಿ ಸೇನೆಗೆ ಸೇರುವುದು ಕಡಿಮೆಯಿತ್ತು. ಬೆಸೆಯಲೆಂದು ತಂದ ಕಾನೂನು ಬಿರುಕನ್ನೇ ದೊಡ್ಡದು ಮಾಡಿತು. ಇಂಥದೇ ನಿಷೇಧವಿದ್ದ ನೆಬ್ರಾಸ್ಕಾ ರಾಜ್ಯದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ರದ್ದುಪಡಿಸಿತು.

ಕೇರಳದ ಮಸೂದೆ ಕನ್ನಡವನ್ನು ನಿಷೇಧಿಸುವುದಿಲ್ಲ, ಅದನ್ನು ಒಹಾಯೊದ ಕಾನೂನಿನ ಜೊತೆ ಸಮ ಮಾಡುವುದು ಅನ್ಯಾಯ. ಇಲ್ಲಿನ ಅಪಾಯ ನಿಧಾನದ್ದು. ಕನ್ನಡ ಬಲ್ಲ ಶಿಕ್ಷಕರ ಹುದ್ದೆ ಖಾಲಿ ಬೀಳುತ್ತದೆ, ಆ ಜಾಗಕ್ಕೆ ಕನ್ನಡ ಬಾರದವರು ಬರುತ್ತಾರೆ. ಮಕ್ಕಳಿಗೆ ಪಾಠ ಅರ್ಥವಾಗುವುದಿಲ್ಲ. ಪೋಷಕರು ಮುಂದಿನ ವರ್ಷ ಮಗುವನ್ನು ಇಂಗ್ಲಿಷ್ ಅಥವಾ ಮಲಯಾಳಂ ಮಾಧ್ಯಮಕ್ಕೆ ಹಾಕುತ್ತಾರೆ. ಕನ್ನಡ ವಿಭಾಗದ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿದುದರಿಂದ ಹುದ್ದೆಯೇ ರದ್ದಾಗುತ್ತದೆ. ಕೊನೆಗೆ ಬೇಡಿಕೆ ಇಲ್ಲದ್ದರಿಂದ ಮುಚ್ಚಿದೆವು ಎಂಬ ಸಮಜಾಯಿಷಿ ಬರುತ್ತದೆ. ಈ ಸರಪಳಿಯಲ್ಲಿ ಯಾರೊಬ್ಬರೂ ಕನ್ನಡವನ್ನು ನಿಲ್ಲಿಸಿ ಎಂದು ಆದೇಶ ಹೊರಡಿಸಿರುವುದಿಲ್ಲ. ಹಾಗಾಗಿಯೇ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದೂ ಕಷ್ಟ.

ಅತಿಥಿ ಕಾರ್ಮಿಕರ ಕಡೆಯಿಂದ ನೋಡಿದರೆ

ಕೇರಳ ವಲಸಿಗರ ವಿಷಯದಲ್ಲಿ ಕಲ್ಲು ಮನಸ್ಸಿನ ರಾಜ್ಯವಲ್ಲ. ಹೊರರಾಜ್ಯದ ಕಾರ್ಮಿಕರನ್ನು ಅದು ಅತಿಥಿ ಕಾರ್ಮಿಕರು ಎಂದು ಕರೆಯುತ್ತದೆ. ಅವರ ಸಂಖ್ಯೆ 25 ಲಕ್ಷದಷ್ಟು ಎಂದು ಗುಲಾಟಿ ಹಣಕಾಸು ಮತ್ತು ತೆರಿಗೆ ಸಂಸ್ಥೆಯ 2013ರ ಅಧ್ಯಯನ ಅಂದಾಜಿಸಿತ್ತು. ಅವರಿಗಾಗಿ ‘ಆವಾಜ್’ ಆರೋಗ್ಯ ವಿಮೆ ಬಂತು. ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ ‘ಅಪ್ನಾ ಘರ್’ ವಸತಿ ಕಟ್ಟಲಾಯಿತು. ಎರ್ನಾಕುಳಂನ ‘ರೋಶ್ನಿ’ ಯೋಜನೆ ವಲಸೆ ಮಕ್ಕಳಿಗೆ ಅವರ ಮಾತೃಭಾಷೆಯ ನೆರವಿನಿಂದಲೇ ಕಲಿಸತೊಡಗಿತು. ಸಾಕ್ಷರತಾ ಮಿಷನ್‌ನ ‘ಚಙ್ಙಾತಿ’ ಕಾರ್ಯಕ್ರಮ ದೊಡ್ಡವರಿಗೆ ಮಲಯಾಳಂ ಹೇಳಿಕೊಟ್ಟಿತು. ಇಲ್ಲೆಲ್ಲ ಮಲಯಾಳಂ ಬಂದದ್ದು ನೆರವಾಗಿ, ಷರತ್ತಾಗಿ ಅಲ್ಲ. ಆದ್ದರಿಂದಲೇ ಯಾರೂ ಅದನ್ನು ವಿರೋಧಿಸಲಿಲ್ಲ.

ಈಗ ಮಸೂದೆಯನ್ನು ಮತ್ತೊಮ್ಮೆ ನೋಡಿ. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆಂದು ಕಾಸರಗೋಡಿಗೆ ಬರುವ ಕುಟುಂಬಗಳಿವೆ. ಅವರ ಮಗು ಬೇರೆ ರಾಜ್ಯದಿಂದ ಬಂದದ್ದು. 9 ಮತ್ತು 10ನೇ ತರಗತಿಯಲ್ಲಿ ಅದಕ್ಕೆ ಮಲಯಾಳಂ ಪರೀಕ್ಷೆಯ ಒತ್ತಾಯವಿಲ್ಲ ಎಂದು ಪಠ್ಯ ನೇರವಾಗಿಯೇ ಹೇಳುತ್ತದೆ. ಪಕ್ಕದ ಮನೆಯಲ್ಲಿ ಹತ್ತಾರು ತಲೆಮಾರಿನಿಂದ ಇರುವ ಕನ್ನಡ ಕುಟುಂಬದ ಮಗು ಕೇರಳದಲ್ಲೇ ಹುಟ್ಟಿದ್ದು, ಅದರ ರಕ್ಷಣೆ ‘ಲಭ್ಯವಿರುವ ಭಾಷೆ’ಯ ವ್ಯಾಖ್ಯಾನಕ್ಕೆ ಅಂಟಿಕೊಂಡಿದೆ. ಇದು ಬೇಕೆಂದು ಮಾಡಿದ ತಾರತಮ್ಯ ಎನ್ನಲಾಗದು. ಕಾನೂನು ಬರೆದವರ ಕಣ್ಣ ಮುಂದೆ ಇಬ್ಬರೇ ಇದ್ದರು, ಮಲಯಾಳಿ ಮತ್ತು ಹೊರಗಿನಿಂದ ಬಂದವನು. ಇಲ್ಲಿಯವನೇ ಆಗಿದ್ದೂ ಬೇರೆ ಭಾಷೆಯವನಾದ ಮೂರನೆಯವನಿಗೆ ಒಂದು ಕಲಮಿನೊಳಗಷ್ಟೇ ಜಾಗ ಸಿಕ್ಕಿತು.

ಬೆಂಗಳೂರಿನ ಪ್ರಶ್ನೆಗೆ ಉತ್ತರ

ಮೊದಲು ಎತ್ತಿದ ಪ್ರಶ್ನೆಗೆ ಈಗ ಬರಬಹುದು. ಬೆಂಗಳೂರಿಗೆ ಉದ್ಯೋಗಕ್ಕೆಂದು ಬಂದವರು ತಾವಾಗಿ ಬಂದವರು. ಊರಿನ ಭಾಷೆ ಕಲಿಯಿರಿ ಎಂದು ಅವರಲ್ಲಿ ಕೇಳುವುದರಲ್ಲಿ ತಪ್ಪಿಲ್ಲ. ಕಾಸರಗೋಡಿನ ಕನ್ನಡಿಗರು ಬಂದವರಲ್ಲ. ಎರಡೂ ಒಂದೇ ಎಂಬ ವಾದ ಇಷ್ಟರ ಮಟ್ಟಿಗೆ ಬೀಳುತ್ತದೆ.

ಆದರೆ ಉತ್ತರ ಅಷ್ಟಕ್ಕೇ ಮುಗಿಯಿತು ಎಂದುಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. ಬೆಂಗಳೂರಿನಲ್ಲಿ, ಕೋಲಾರದಲ್ಲಿ, ಬೆಳಗಾವಿಯಲ್ಲಿ ತಲೆಮಾರುಗಳಿಂದ ಇರುವ ತಮಿಳರು, ತೆಲುಗರು, ಉರ್ದು ಮತ್ತು ಮರಾಠಿ ಮಾತನಾಡುವವರು ಇದ್ದಾರೆ. ಅವರೂ ಬಂದವರಲ್ಲ. 350ಎ ವಿಧಿ ಅವರ ಮಕ್ಕಳಿಗೂ ಅನ್ವಯಿಸುತ್ತದೆ. ಕಾಸರಗೋಡಿಗಾಗಿ ಆ ವಿಧಿಯನ್ನು ಎತ್ತಿ ಹಿಡಿಯುವ ಕರ್ನಾಟಕ, ತನ್ನ ನೆಲದ ಉರ್ದು ಮತ್ತು ಮರಾಠಿ ಶಾಲೆಗಳ ವಿಷಯ ಬಂದಾಗ ಅದನ್ನು ಕೆಳಗಿಳಿಸಿದರೆ ವಾದದ ಬಲವೇ ಹೋಗುತ್ತದೆ. ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಯನ್ನು ಕರ್ನಾಟಕ ಸಂಪುಟ 2024ರ ಜುಲೈನಲ್ಲಿ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಆ ಚರ್ಚೆಯಲ್ಲೂ ಸ್ಥಳೀಯ ಎಂದರೆ ಯಾರು ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಮುಂದೆ ಬಂತು.

ವಲಸೆ ಹೋದ ಕನ್ನಡಿಗರ ಅನುಭವವೂ ನಮ್ಮ ಮುಂದಿದೆ. ಕರಾವಳಿಯಿಂದ ಮುಂಬೈಗೆ ಹೋಗಿ ಹೋಟೆಲು, ಕಚೇರಿಗಳಲ್ಲಿ ದುಡಿದವರ ವಿರುದ್ಧ 1966ರಲ್ಲಿ ಹುಟ್ಟಿದ ಶಿವಸೇನೆ ದಾಕ್ಷಿಣಾತ್ಯರೇ ಹೊರಡಿ ಎಂಬ ಚಳವಳಿ ಹೂಡಿತು. ಮರುವರ್ಷವೇ ಅದೇ ನಗರದಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕಾಂಗ್ರೆಸ್ಸಿನ ಬಲಾಢ್ಯ ನಾಯಕ ಎಸ್.ಕೆ. ಪಾಟೀಲರನ್ನು ಲೋಕಸಭಾ ಚುನಾವಣೆಯಲ್ಲಿ ಸೋಲಿಸಿದರು. ಟ್ಯಾಕ್ಸಿ ಚಾಲಕರನ್ನು, ಪಾಲಿಕೆ ನೌಕರರನ್ನು ಸಂಘಟಿಸಿದ ಕಾರ್ಮಿಕ ನಾಯಕನಾಗಿ ಅವರು ಗೆದ್ದರೇ ಹೊರತು ವಲಸಿಗರ ಪ್ರತಿನಿಧಿಯಾಗಿ ಅಲ್ಲ. ಒಂದೇ ನಗರ, ಒಂದೇ ಕಾಲ. ವಲಸಿಗನನ್ನು ಭಾಷೆಯಿಂದ ಮಾತ್ರ ಗುರುತಿಸುವ ರಾಜಕೀಯ ಒಂದು ಕಡೆ, ದುಡಿಮೆಯಿಂದ ಗುರುತಿಸುವ ರಾಜಕೀಯ ಇನ್ನೊಂದು ಕಡೆ.

ಇನ್ನೊಂದು ವಿಷಯವನ್ನೂ ಇಲ್ಲಿ ಮರೆಮಾಚಬಾರದು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಭಯದಿಂದ ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು, ಹಲವು ರಸ್ತೆಗಳಿಗೆ ಮಣ್ಣು ಸುರಿಯಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಂಬುಲೆನ್ಸ್‌ನಲ್ಲೇ ಹಿಂತಿರುಗಬೇಕಾಯಿತು, ಸಾವುಗಳೂ ಸಂಭವಿಸಿದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವಿಗೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ದಿನಗಳಲ್ಲಿ ಗಡಿನಾಡ ಕನ್ನಡಿಗರು ಕರ್ನಾಟಕದ ಪಾಲಿಗೆ ಬರೀ ಕೇರಳದವರಾಗಿದ್ದರು. ಸಿಇಟಿಯಲ್ಲಿ ಗಡಿನಾಡು ಕನ್ನಡಿಗರ ಸವಲತ್ತು, 2010ರಲ್ಲಿ ಸ್ಥಾಪನೆಯಾದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಅನುದಾನ ಇವೆಲ್ಲ ಬೆಲೆಯುಳ್ಳವೇ. ಆದರೆ ಭಾಷೆಗಾಗಿ ನಮ್ಮವರು, ಆಸ್ಪತ್ರೆಗೆ ಬಂದಾಗ ಹೊರಗಿನವರು ಎಂಬ ನಡವಳಿಕೆಯನ್ನು ಅಲ್ಲಿನ ಜನ ಮರೆತಿಲ್ಲ.

ಮುಂದೆ ಏನಾಗಬಹುದು

ಕಾನೂನಿನ ಮೂಲ ಪಠ್ಯಕ್ಕಿಂತ ಅದರಡಿ ಬರುವ ನಿಯಮಗಳು ಹೆಚ್ಚು ಮುಖ್ಯವಾಗುತ್ತವೆ. ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪ್ರಥಮ ಭಾಷೆ ಕನ್ನಡವೇ ಎಂದು ನಿಯಮಗಳಲ್ಲಿ ನೇರವಾಗಿ ಬರೆದರೆ ವಿವಾದದ ದೊಡ್ಡ ಭಾಗ ಅಲ್ಲೇ ಇತ್ಯರ್ಥವಾಗುತ್ತದೆ. ಕೇರಳ ಸರ್ಕಾರ ಬಾಯಿಮಾತಿನಲ್ಲಿ ಹೇಳುತ್ತಿರುವುದೂ ಇದನ್ನೇ ಆದ್ದರಿಂದ ಬರೆಯಲು ಅಡ್ಡಿ ಇರಬಾರದು. ಹಾಗೆ ಬರೆಯದೆ ಪ್ರತಿ ಶಾಲೆಯ ಲಭ್ಯತೆಗೆ ಬಿಟ್ಟರೆ, ಪ್ರತಿ ವರ್ಷ ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಒಂದೊಂದು ಊರಿನಲ್ಲಿ ಒಂದೊಂದು ಪ್ರತಿಭಟನೆ ನಡೆಯುತ್ತದೆ.

ಆಗ ಮತದ ಗೆರೆಗಳೂ ಸರಿಯಬಹುದು. ಎಪ್ಪತ್ತರ ದಶಕದಿಂದ ವರ್ಗ ಮತ್ತು ಧರ್ಮದ ಹಿಂದೆ ಸರಿದಿದ್ದ ಭಾಷೆ ಮತ್ತೆ ಮುಂದೆ ಬರುತ್ತದೆ. ಲೀಗ್, ಬಿಜೆಪಿ, ಎಡಪಕ್ಷಗಳ ಗಡಿನಾಡ ಕಾರ್ಯಕರ್ತರು ಕನ್ನಡ ಶಾಲೆಯ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡಿದ ಸಂದರ್ಭಗಳಿವೆ, ಅದು ಆರೋಗ್ಯಕರ. ಆದರೆ ಅದೇ ಬೇಗುದಿಯನ್ನು ಮಲಯಾಳಿ ಮತ್ತು ಕನ್ನಡಿಗರ ಜಗಳವಾಗಿ ತಿರುಗಿಸಿದರೆ ಅದರ ಬೆಲೆ ತೆರುವವರು ಬೆಂಗಳೂರು, ಮಂಗಳೂರುಗಳಲ್ಲಿ ಓದುವ, ದುಡಿಯುವ ಮಲಯಾಳಿಗಳು, ಹಾಗೆಯೇ ಕಣ್ಣೂರು, ಕೊಚ್ಚಿಗಳಲ್ಲಿ ಕಲ್ಲು ಹೊರುವ ಉತ್ತರ ಕರ್ನಾಟಕದ ಕೂಲಿಗಳು. ತಲಪಾಡಿಯ ಆಚೀಚೆ ದಿನವೂ ಬಸ್ಸು ಹತ್ತುವ ವಿದ್ಯಾರ್ಥಿಗಳಿಗೂ ಅದು ತಟ್ಟದೆ ಇರುವುದಿಲ್ಲ.

ಕರ್ನಾಟಕ ಪತ್ರ ಬರೆದು ಸುಮ್ಮನಾಗದೆ ಮಾಡಬಹುದಾದ ಕೆಲಸಗಳಿವೆ. ಕನ್ನಡ ಪಠ್ಯಪುಸ್ತಕಗಳ ತಯಾರಿಕೆ, ಕನ್ನಡದಲ್ಲಿ ಬಿ.ಇಡಿ. ಮಾಡಿದ ಗಡಿನಾಡ ಯುವಕರಿಗೆ ಕೇರಳ ಪಿಎಸ್‌ಸಿ ಪರೀಕ್ಷೆಯ ತರಬೇತಿ, ಕಚೇರಿ ಅರ್ಜಿಗಳ ಅನುವಾದಕ್ಕೆ ನೆರವು ಇವೆಲ್ಲ ಎರಡು ಸರ್ಕಾರಗಳ ಒಪ್ಪಂದದಿಂದ ಆಗಬಹುದಾದವು. ಮಂಜೇಶ್ವರದಲ್ಲಿ ಗೋವಿಂದ ಪೈ ಸ್ಮಾರಕಕ್ಕೆ ಎರಡೂ ರಾಜ್ಯಗಳು ಕೈಜೋಡಿಸಿದ ಪೂರ್ವೋದಾಹರಣೆ ಇದ್ದೇ ಇದೆ. ಅಂಥ ಒಪ್ಪಂದದ ಮೊದಲ ಸಾಲು, ಕನ್ನಡ ಮಾಧ್ಯಮದ ಯಾವ ತರಗತಿಗೂ ಕನ್ನಡ ಬಾರದ ಶಿಕ್ಷಕರನ್ನು ನೇಮಿಸುವುದಿಲ್ಲ ಎಂಬುದಾಗಬೇಕು. ಎರಡನೆಯದು, ಕರ್ನಾಟಕದ ಗಡಿ ಜಿಲ್ಲೆಗಳ ಮಲಯಾಳಂ, ಮರಾಠಿ, ತೆಲುಗು, ತಮಿಳು ಮತ್ತು ಉರ್ದು ಮಕ್ಕಳಿಗೂ ಅದೇ ಮಾತು ಸಲ್ಲುತ್ತದೆ ಎಂಬುದು.